ಮರಳಲ್ಲಿ ಕಾಯುವ, ಟಾರ್ ರಸ್ತೆಯಲ್ಲಿ ತಣಿಯುವ ಇಂಜಿನ್: ಒಮಾನ್ ಕರಾವಳಿಯಲ್ಲಿ ನಾವು ದೋಷ ಹುಡುಕಿದ್ದು ಹೀಗೆ

ಟಾರ್ ರಸ್ತೆಯಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುವಾಗ ಟೆಂಪರೇಚರ್ ಮುಳ್ಳು ನಡುಮಧ್ಯದಲ್ಲಿ ಅಲ್ಲಾಡದೆ ನಿಂತಿರುತ್ತದೆ. ಅದೇ ಗಾಡಿಯನ್ನು ಕಡಲ ದಂಡೆಯ ಮರಳಿಗೆ ಇಳಿಸಿದರೆ 15 ನಿಮಿಷದಲ್ಲಿ ಮುಳ್ಳು ಕೆಂಪು ಗೆರೆ ಕಡೆ ಹೊರಡುತ್ತದೆ. ಮತ್ತೆ ಟಾರ್ ರಸ್ತೆಗೆ ಹತ್ತಿಸಿದರೆ ತಾನಾಗಿಯೇ ಇಳಿಯುತ್ತದೆ. ನಿಮ್ಮ ಗಾಡಿಯೂ ಹೀಗೆ ಮಾಡುತ್ತಿದ್ದರೆ ಇದನ್ನು ಪೂರ್ತಿ ಓದಿ. ನಮಗೆ ಇದರ ಕಾರಣ ಸಿಗಲು ನಾಲ್ಕು ದಿನ ಬೇಕಾಯಿತು, ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ.

ನಾವು ನಾಲ್ವರು, ಎಲ್ಲರೂ ಮಸ್ಕತ್‌ನಲ್ಲಿ ಕೆಲಸದಲ್ಲಿರುವವರು. ಒಬ್ಬ ಮಂಗಳೂರಿನವನು, ಒಬ್ಬ ಮಂಡ್ಯದವನು, ಒಬ್ಬ ಹುಬ್ಬಳ್ಳಿಯವನು, ನಾನು ಶಿವಮೊಗ್ಗದವನು. ಡಿಸೆಂಬರ್ ರಜೆಯಲ್ಲಿ ಒಮಾನಿನ ದಕ್ಷಿಣದ ಸಲಾಲಾಗೆ ಹೊರಟೆವು. ಒಳನಾಡಿನ ಹೆದ್ದಾರಿ ಹಿಡಿದರೆ ಸುಮಾರು 1000 ಕಿ.ಮೀ., ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ. ನಮಗೆ ಅದು ಬೇಡವಾಗಿತ್ತು. ಸೂರ್, ರಾಸ್ ಅಲ್ ಹದ್, ಅಲ್ ಅಶ್ಖರಾ, ಖಲೂಫ್, ದುಕುಮ್, ಶುವೈಮಿಯಾ, ಹಾಸಿಕ್, ಮಿರ್ಬಾತ್ ಹೀಗೆ ಕಡಲನ್ನು ಎಡಗಡೆ ಇಟ್ಟುಕೊಂಡೇ ಹೋಗುವ ಯೋಜನೆ. ಗಾಡಿ 12 ವರ್ಷ ಹಳೆಯ ಪೆಟ್ರೋಲ್ ಫೋರ್ ವೀಲ್ ಡ್ರೈವ್, ಆಟೋಮ್ಯಾಟಿಕ್ ಗೇರ್. ಇಂಜಿನ್ ನೀರನ್ನು ತಣಿಸುವ ರೇಡಿಯೇಟರಿನ ಹಿಂದಿನ ದೊಡ್ಡ ಫ್ಯಾನ್ ಬೆಲ್ಟಿನಿಂದ ತಿರುಗುವಂಥದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಸೂರ್‌ನಲ್ಲಿ ಮರದ ಹಡಗು ಕಟ್ಟುವ ಜಾಗ ನೋಡಿದೆವು. "ಇದು ನಮ್ಮ ಮಂಜಿಯ ಹಾಗೇ ಉಂಟಲ್ಲಾ ಮಾರಾಯ" ಅಂತ ಮಂಗಳೂರಿನವನು ಅಲ್ಲಿಂದ ಕದಲಲೇ ಇಲ್ಲ. ಮಂಜಿ ಅಂದರೆ ನಮ್ಮ ಕರಾವಳಿಯ ಮರದ ಸರಕು ಹಡಗು. ಹಿಂದೆ ಮಂಗಳೂರಿನ ಅಕ್ಕಿ ಹಡಗು ಹತ್ತಿ ಮಸ್ಕತ್‌ಗೆ ಬರುತ್ತಿತ್ತು, ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯೂ ಮಸ್ಕತ್‌ನಲ್ಲಿತ್ತು. ಹಾಗಾಗಿ ಅವನಿಗೆ ಅದು ಪರಊರು ಅನಿಸದೇ ಇದ್ದದ್ದು ಸಹಜ. ರಾತ್ರಿ ರಾಸ್ ಅಲ್ ಹದ್ ಹತ್ತಿರ ಕಡಲ ದಂಡೆಯಲ್ಲಿ, ಮರುದಿನ ಅಶ್ಖರಾ ದಾಟಿ ಇನ್ನೊಂದು ದಂಡೆಯಲ್ಲಿ ಟೆಂಟ್ ಹಾಕಿದೆವು. ಎರಡು ರಾತ್ರಿಯೂ ಗಾಡಿಯ ಮೂತಿ ಕಡಲಿನ ಕಡೆಗೆ ಇತ್ತು. ಬೆಳಿಗ್ಗೆ ಎದ್ದಾಗ ಬಾನೆಟ್ ಮೇಲೆಲ್ಲ ಉಪ್ಪಿನ ಇಬ್ಬನಿ.

ಮೂರನೇ ದಿನ ಖಲೂಫ್. ಇದು ಮೀನುಗಾರರ ಸಣ್ಣ ಊರು. ಇಲ್ಲಿಂದ ಕಡಲ ಅಂಚಿನಲ್ಲೇ ಸ್ವಲ್ಪ ದೂರ ಹೋದರೆ ಸಕ್ಕರೆಯಂಥ ಬಿಳಿ ಮರಳಿನ ದಿಣ್ಣೆಗಳು, ಅದರ ಪಕ್ಕದಲ್ಲೇ ನೀಲಿ ಕಡಲು. ಅಲ್ಲಿಗೆ ಹೋಗುವ ದಾರಿ ಅಂದರೆ ಇಳಿತದ ಹೊತ್ತಿನಲ್ಲಿ ಕಡಲು ಬಿಟ್ಟುಕೊಡುವ ಒದ್ದೆ ಮರಳೇ. ಒದ್ದೆ ಮರಳು ಗಟ್ಟಿ ಇರುತ್ತದೆ, ಗಾಡಿ ಸಲೀಸಾಗಿ ಓಡುತ್ತದೆ. ಅದನ್ನು ಬಿಟ್ಟು ಮೇಲಿನ ಒಣ ಮರಳಿಗೆ ಹತ್ತಿದಾಗ ಶುರುವಾಯಿತು. ಮುಳ್ಳು ಮುಕ್ಕಾಲು ದಾಟಿತು, ಎಸಿಯಿಂದ ಬಿಸಿ ಗಾಳಿ ಬಂತು, ಎರಡೇ ನಿಮಿಷದಲ್ಲಿ ಬಾನೆಟ್ ಒಳಗಿಂದ ಗುಳುಗುಳು ಸದ್ದು.

ಮೊದಲ ಅರ್ಧ ಗಂಟೆ

ಹುಬ್ಬಳ್ಳಿಯವನು "ಬಂದ್ ಮಾಡ್ಲೇ ಗಾಡಿ" ಅಂದ. ಮಂಡ್ಯದವನು "ಬೇಡ ಕಣೋ, ನಿಲ್ಲಿಸಿದ್ರೆ ಇನ್ನೂ ಕಾಯ್ತದೆ" ಅಂದ. ಇಬ್ಬರದ್ದೂ ಸರಿ, ಆದರೆ ಬೇರೆ ಬೇರೆ ಸಂದರ್ಭಕ್ಕೆ.

ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಇನ್ನೂ ಒಳಗೆ ಇದೆ, ಬರೀ ಬಿಸಿಯಾಗಿದೆ ಅನ್ನುವುದಾದರೆ ಎಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಅದರ ಫ್ಯಾನ್ ಜೋರಾಗಿ ಇಡಿ. ಕಿಟಕಿ ಎಲ್ಲ ತೆಗೆಯಿರಿ. ಹೀಟರ್ ಅಂದರೆ ಅದೂ ಒಂದು ಸಣ್ಣ ರೇಡಿಯೇಟರ್, ಇಂಜಿನ್ ಬಿಸಿಯನ್ನು ಅದು ಗಾಡಿ ಒಳಗೆ ಎಳೆದುಕೊಳ್ಳುತ್ತದೆ. ಕೂತವರಿಗೆ ಹಿಂಸೆ, ಇಂಜಿನ್‌ಗೆ ಮಾತ್ರ ನಿಜವಾದ ಸಹಾಯ. ಗಾಡಿಯ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ವಲ್ಪ ಜೋರಾಗಿ, 1500 ಆರ್‌ಪಿಎಂ ಸುತ್ತ ಓಡಲಿ. ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯದಿದ್ದರೆ, ಮುಳ್ಳು ಕೆಂಪಿಗೆ ಮುಟ್ಟಿದರೆ, ಅಥವಾ ಕೆಳಗೆ ಕೂಲೆಂಟ್ ಸುರಿಯುತ್ತಿದ್ದರೆ ತಕ್ಷಣ ಬಂದ್ ಮಾಡಿ. ನೀರಿಲ್ಲದ ಇಂಜಿನ್ ಒಂದು ನಿಮಿಷ ಓಡಿದರೂ ಹೆಡ್ (ಇಂಜಿನ್ನಿನ ಮೇಲ್ಭಾಗ) ಸೊಟ್ಟಗಾಗುವ ಅಪಾಯವಿದೆ. ಹೀಟರ್ ಪೂರ್ತಿ ಬಿಸಿಗೆ ಇಟ್ಟಿದ್ದರೂ ತಣ್ಣನೆ ಗಾಳಿ ಬರುತ್ತಿದ್ದರೆ ಅದು ಕೂಲೆಂಟ್ ಖಾಲಿಯಾಗಿರುವ ದೊಡ್ಡ ಗುರುತು.

ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಕನಿಷ್ಠ ಅರ್ಧ ಗಂಟೆ ಬಿಡಿ. ಮೇಲಿನ ದಪ್ಪ ರಬ್ಬರ್ ಪೈಪನ್ನು ಬಟ್ಟೆ ಹಿಡಿದು ಒತ್ತಿ ನೋಡಿ, ಅದು ಮೆತ್ತಗಾಗುವವರೆಗೆ ಒಳಗೆ ಒತ್ತಡ ಇದೆ ಅಂತಲೇ ಅರ್ಥ. ಆಮೇಲೂ ದಪ್ಪ ಟವೆಲ್ ಹಾಕಿ, ಮುಖ ದೂರ ಇಟ್ಟು, ನಿಧಾನಕ್ಕೆ ತಿರುಗಿಸಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಕಡಲು 50 ಹೆಜ್ಜೆ ದೂರದಲ್ಲೇ ಇರುತ್ತದೆ. ಆ ನೀರನ್ನು ಮಾತ್ರ ರೇಡಿಯೇಟರ್‌ಗೆ ಹಾಕಬೇಡಿ, ಹೊರಗಿಂದ ಎರಚಲೂ ಬೇಡಿ. ಉಪ್ಪು ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ. ಕುಡಿಯುವ ನೀರು ಹಾಕಬಹುದು, ಅದೂ ಇಂಜಿನ್ ತಣಿದ ಮೇಲೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ನಾವು 10 ಲೀಟರ್ ಗಾಡಿಗೆ ಅಂತಲೇ ಬೇರೆ ಕ್ಯಾನಿನಲ್ಲಿ ಇಟ್ಟಿದ್ದೆವು, ಅದರಲ್ಲಿ ಎರಡು ಲೀಟರ್ ಹಿಡಿಯಿತು. ಅಷ್ಟರಲ್ಲಿ ಭರತ ಏರಲು ಶುರುವಾಗಿತ್ತು. ಬಂದ ದಾರಿ ಮುಳುಗುವ ಮೊದಲು ಹೊರಗೆ ಬೀಳಬೇಕು ಅನ್ನುವ ಭಯ ನನಗಂತೂ ಇಂಜಿನ್‌ಗಿಂತ ಜಾಸ್ತಿ ಇತ್ತು. ಭಯಕ್ಕೆ ಅಡ್ಡದಾರಿ ಹಿಡಿಯಬೇಡಿ. ಈ ಕಡೆ ಸಬ್ಖಾ ಅಂತ ಕರೆಯುವ ಉಪ್ಪಿನ ಬಯಲುಗಳಿವೆ, ಮೇಲೆ ಗಟ್ಟಿ ಪದರ, ಕೆಳಗೆ ಕೆಸರು. ಗಾಡಿ ಅಲ್ಲಿ ಕೂತರೆ ಏಳುವುದಿಲ್ಲ. ಬೇರೆ ಗಾಡಿಗಳ ಚಕ್ರದ ಗುರುತು ಇರುವಲ್ಲೇ ಹೋಗಿ. ಪರಿಸ್ಥಿತಿ ಕೈಮೀರಿದರೆ ಒಮಾನ್ ಪೊಲೀಸರ ತುರ್ತು ನಂಬರ್ 9999, ಆದರೆ ಈ ದಂಡೆಯಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ.

ಕಾದದ್ದು ಎಷ್ಟು ಅಂತಲ್ಲ, ಯಾವಾಗ ಅಂತ ಕೇಳಿ

ತಣಿಯಲು ಕಾಯುವಾಗ ನಾಲ್ವರೂ ನಾಲ್ಕು ಕಾರಣ ಹೇಳಿದೆವು. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ಕೂಲೆಂಟಿಗೆ ದಾರಿ ತೆರೆಯುವ ಕವಾಟ) ಹೋಗಿದೆ, ಅದನ್ನು ಕಿತ್ತು ಬಿಸಾಕೋಣ. ವಾಟರ್ ಪಂಪ್ ಹೋಗಿದೆ. ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಗಿದೆ. ಗಾಡಿ ಹಳೇದಾಯ್ತು ಅಷ್ಟೇ. ಯಾರೂ ಕೇಳದ ಪ್ರಶ್ನೆ ಒಂದೇ: ಬೆಳಿಗ್ಗೆಯಿಂದ ಟಾರ್ ರಸ್ತೆಯಲ್ಲಿ 110ರಲ್ಲಿ ಬಂದೆವಲ್ಲ, ಆಗ ಯಾಕೆ ಕಾಯಲಿಲ್ಲ?

ಇಡೀ ಪತ್ತೆ ಕೆಲಸ ನಿಂತಿರುವುದೇ ಇದರ ಮೇಲೆ. ವೇಗವಾಗಿ ಹೋಗುವಾಗ ರೇಡಿಯೇಟರ್‌ಗೆ ಗಾಳಿ ತಾನಾಗಿಯೇ ನುಗ್ಗುತ್ತದೆ, ಫ್ಯಾನ್ ಕೆಲಸ ಮಾಡದಿದ್ದರೂ ನಡೆಯುತ್ತದೆ. ಮರಳಲ್ಲಿ ವೇಗ 20, 30. ಆಗ ಗಾಳಿ ಎಳೆಯಬೇಕಾದದ್ದು ಫ್ಯಾನೇ. ಅದೂ ಅಲ್ಲದೆ ಆ ದಿನ ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಗಾಡಿಯೂ ಗಾಳಿಯೂ ಒಂದೇ ವೇಗದಲ್ಲಿ ಒಂದೇ ಕಡೆ ಹೋದರೆ ರೇಡಿಯೇಟರ್‌ಗೆ ಸಿಗುವ ಗಾಳಿ ಸೊನ್ನೆ. ಹಾಗಾಗಿ ನಿಧಾನದಲ್ಲಿ ಕಾದು ವೇಗದಲ್ಲಿ ತಣಿದರೆ ಮೊದಲು ಗಾಳಿಯ ದಾರಿ ನೋಡಿ: ಫ್ಯಾನ್, ಅದನ್ನು ಬಿಗಿ ಮಾಡುವ ಕ್ಲಚ್, ರೇಡಿಯೇಟರಿನ ಹೊರಮೈ. ಅದೇ ವೇಗದಲ್ಲಿ ಕಾದು ನಿಧಾನದಲ್ಲಿ ಸರಿ ಇದ್ದರೆ ನೀರಿನ ದಾರಿ ನೋಡಿ: ಒಳಗೆ ಕಟ್ಟಿದ ರೇಡಿಯೇಟರ್, ಸೋತ ವಾಟರ್ ಪಂಪ್, ಎಳೆತಕ್ಕೆ ಒಳಗೆ ಚಪ್ಪಟೆಯಾಗುವ ಕೆಳಗಿನ ಪೈಪ್. ಎರಡೂ ವೇಗದಲ್ಲಿ ಕಾದರೆ ಕೂಲೆಂಟ್ ಮಟ್ಟ, ಥರ್ಮೋಸ್ಟಾಟ್, ಕೊನೆಗೆ ಹೆಡ್ ಗ್ಯಾಸ್ಕೆಟ್.

ಥರ್ಮೋಸ್ಟಾಟ್ ತೆರೆಯದೆ ಸಿಕ್ಕಿಕೊಂಡಿದ್ದರೆ ಹೆದ್ದಾರಿಯಲ್ಲೂ ಕಾಯಲೇಬೇಕು. ಸಾಮಾನ್ಯವಾಗಿ ಅದು 82 ಡಿಗ್ರಿ ಸುತ್ತ ತೆರೆಯುತ್ತದೆ. ಮೇಲಿನ ಪೈಪ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಅನುಮಾನ ಪಡಿ, ಇಲ್ಲದಿದ್ದರೆ ಸುಮ್ನೆ ಕಿತ್ತು ಹಾಕಬೇಡಿ. ಹೆಡ್ ಗ್ಯಾಸ್ಕೆಟ್‌ಗೆ ಬೇರೆ ಗುರುತುಗಳಿವೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಹೊಗೆ ಬೆಳ್ಳಗೆ ಸಿಹಿ ವಾಸನೆ ಬರುತ್ತದೆ, ತಣ್ಣನೆ ಇಂಜಿನ್ ಚಾಲೂ ಮಾಡಿದ ಕೂಡಲೇ ಮೇಲಿನ ಪೈಪ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನಮ್ಮದರಲ್ಲಿ ಇದ್ಯಾವುದೂ ಇರಲಿಲ್ಲ.

ಮರಳೇ ಹೊರೆ ಹೊರಿಸುತ್ತದೆ

ದೋಷ ಹುಡುಕುವ ಮೊದಲು ಹೊರೆ ಇಳಿಸಿ. ನಾವು ಟೈರ್‌ನಲ್ಲಿ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟುಕೊಂಡು ಒಣ ಮರಳಿಗೆ ಹೋಗಿದ್ದೆವು. ಮೆತ್ತನೆ ಮರಳಿಗೆ 15 ರಿಂದ 18 ಬೇಕು. ಗಾಳಿ ಇಳಿಸಿದರೆ ಟೈರ್ ಉದ್ದಕ್ಕೆ ಚಪ್ಪಟೆಯಾಗಿ ಮರಳ ಮೇಲೆ ತೇಲುತ್ತದೆ, ಇಳಿಸದಿದ್ದರೆ ಹೂತು ಹೂತು ಸಾಗಬೇಕು, ಇಂಜಿನ್ ಸುಮ್ಮಸುಮ್ಮನೆ ದುಡಿಯುತ್ತದೆ. ಮತ್ತೆ ಟಾರ್ ರಸ್ತೆಗೆ ಹೋಗುವ ಮೊದಲು ಗಾಳಿ ತುಂಬಲೇಬೇಕು, ಹಾಗಾಗಿ ಒಂದು ಸಣ್ಣ ಕಂಪ್ರೆಸರ್ ಜೊತೆಗಿರಲಿ.

ಆಟೋಮ್ಯಾಟಿಕ್ ಗಾಡಿಯವರು ಇನ್ನೊಂದನ್ನೂ ತಿಳಿದಿರಬೇಕು. ಮೆತ್ತನೆ ಮರಳಲ್ಲಿ ಹೈ ರೇಂಜ್‌ನಲ್ಲೇ (ಮಾಮೂಲಿ ರಸ್ತೆಯ ಗೇರ್) ಒದ್ದಾಡಿದರೆ ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಗೇರ್ ಬಾಕ್ಸಿನ ಟಾರ್ಕ್ ಕನ್ವರ್ಟರ್ ಜಾರುತ್ತಾ ಇರುತ್ತದೆ, ಆ ಜಾರಿಕೆಯೆಲ್ಲ ಬಿಸಿಯಾಗಿ ಗೇರ್ ಆಯಿಲ್‌ಗೆ ಸೇರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಆ ಆಯಿಲ್ ತಣಿಯುವುದು ಇದೇ ರೇಡಿಯೇಟರಿನ ಒಂದು ಬದಿಯ ತೊಟ್ಟಿಯಲ್ಲಿ. ಅಂದರೆ ಇಂಜಿನ್ ಬಿಸಿಯ ಜೊತೆಗೆ ಗೇರ್ ಬಾಕ್ಸ್ ಬಿಸಿಯನ್ನೂ ಅದೇ ಬಡ ರೇಡಿಯೇಟರ್ ಹೊರಬೇಕು. ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಹಾಕಿದರೆ ಈ ಜಾರಿಕೆ ಬಹಳ ಕಡಿಮೆಯಾಗುತ್ತದೆ. ಗಾಳಿ ಇಳಿಸಿ, ಲೋ ರೇಂಜ್ ಹಾಕಿ, ಎಸಿ ಇಲ್ಲದೆ, ಒದ್ದೆ ಮರಳಿಗೆ ಇಳಿದು, ನೀರು ಟೈರಿಗೆ ತಾಗುವಷ್ಟರಲ್ಲಿ ಖಲೂಫ್ ಮುಟ್ಟಿದೆವು.

ದುಕುಮ್: ಟಾರ್ಚ್ ಹಿಡಿದು ನೋಡಿದಾಗ

ಮರುದಿನ ದುಕುಮ್‌ನ ಸನಾಯದಲ್ಲಿ, ಅಂದರೆ ಗ್ಯಾರೇಜುಗಳಿರುವ ಕಡೆ, ಕಣ್ಣೂರಿನ ಒಬ್ಬ ಮೆಕ್ಯಾನಿಕ್ ಅಣ್ಣ ಸಿಕ್ಕರು. ಅವರು ಸ್ಪ್ಯಾನರ್ ತೆಗೆದುಕೊಳ್ಳಲೇ ಇಲ್ಲ, ಮೊಬೈಲ್ ಟಾರ್ಚ್ ತೆಗೆದುಕೊಂಡರು. ಮುಂದೆ ಎಸಿಯ ಕಂಡೆನ್ಸರ್ ಇರುತ್ತದೆ, ಅದರ ಹಿಂದೆ ರೇಡಿಯೇಟರ್, ಇವೆರಡರ ನಡುವೆ ಬೆರಳು ಹೋಗುವಷ್ಟು ಸಂದು. ಮುಂದಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಮೇಲಿನಿಂದ ಆ ಸಂದಿಗೆ ಬೆಳಕು ಬಿಟ್ಟಾಗ ಕಂಡದ್ದು ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ ಒಂದೇ ಸಮನೆ ಮೆತ್ತಿದ ಮಣ್ಣು.

ಇದು ಹೇಗೆ ಕಟ್ಟಿತು ಅಂತ ಅವರೇ ವಿವರಿಸಿದರು, ನನಗೆ ಇಡೀ ಪ್ರಯಾಣದಲ್ಲಿ ಕಲಿತದ್ದರಲ್ಲಿ ಇದೇ ದೊಡ್ಡದು. ಒಳನಾಡಿನ ಮರುಭೂಮಿಯ ಧೂಳು ಒಣಗಿರುತ್ತದೆ, ಕೊಡವಿದರೆ ಹೋಗುತ್ತದೆ. ಕಡಲ ಪಕ್ಕದ ಮರುಭೂಮಿ ಹಾಗಲ್ಲ. ರಾತ್ರಿ ಉಪ್ಪಿನ ತೇವ ರೇಡಿಯೇಟರಿನ ತೆಳ್ಳನೆಯ ರೆಕ್ಕೆಗಳ ಮೇಲೆ ಕೂರುತ್ತದೆ. ಹಗಲು ಹಿಟ್ಟಿನಂಥ ಮರಳು ಅದಕ್ಕೆ ಅಂಟುತ್ತದೆ. ಇಂಜಿನ್ ಬಿಸಿಗೆ ಅದು ಬೆಂದು ಗಟ್ಟಿಯಾಗುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು, ಹಾಗಾಗಿ ಮರುದಿನ ರಾತ್ರಿ ಅದು ಮತ್ತೆ ಒದ್ದೆಯಾಗಿ ಇನ್ನೊಂದು ಪದರಕ್ಕೆ ತಯಾರಾಗುತ್ತದೆ. ಎರಡು ರಾತ್ರಿ ಮೂತಿ ಕಡಲಿಗೆ ಮಾಡಿ ನಿಲ್ಲಿಸಿದ್ದು ನೆನಪಾಯಿತು. ಅದಕ್ಕೂ ಹಿಂದಿನ ಎಷ್ಟೋ ವಾರಾಂತ್ಯಗಳ ಬೀಚ್ ಓಡಾಟವೂ ಅದರಲ್ಲಿ ಸೇರಿತ್ತು.

ತೊಳೆಯುವುದಕ್ಕೂ ಕ್ರಮ ಇದೆ. ಇಂಜಿನ್ ಪೂರ್ತಿ ತಣಿದಿರಬೇಕು. ಸಿಹಿನೀರಿನ ಪೈಪನ್ನು ಇಂಜಿನ್ ಕಡೆಯಿಂದ ಮುಂದಕ್ಕೆ ಹಿಡಿಯಬೇಕು, ಮುಂದಿನಿಂದ ಹೊಡೆದರೆ ಮಣ್ಣು ಇನ್ನೂ ಒಳಗೆ ಹೋಗುತ್ತದೆ. ಕಾರ್ ವಾಶ್‌ನ ಜೋರು ನೀರು ಬೇಡ, ರೆಕ್ಕೆಗಳು ಮಲಗಿಬಿಡುತ್ತವೆ, ಮಲಗಿದ ಮೇಲೆ ಮತ್ತೆ ಗಾಳಿಗೆ ದಾರಿ ಇಲ್ಲ. ರೆಕ್ಕೆಗಳ ಮೇಲೆ ಬಿಳಿ ಪುಡಿ ಕಂಡು, ಬೆರಳು ತಾಗಿಸಿದರೆ ಉದುರಿದರೆ, ತೊಳೆದು ಪ್ರಯೋಜನವಿಲ್ಲ, ರೇಡಿಯೇಟರ್ ಬದಲಿಸಬೇಕು. ನಮ್ಮದು ಆ ಹಂತಕ್ಕೆ ಹೋಗಿರಲಿಲ್ಲ. 20 ನಿಮಿಷ ಬರೀ ಕೆಂಪು ನೀರೇ ಬಂತು.

ಮುಚ್ಚಳವೂ ಹಾಳಾಗಿತ್ತು. ಅದರ ರಬ್ಬರ್ ಬಿರುಕು ಬಿಟ್ಟು ಸುತ್ತ ಒಣಗಿದ ಕೂಲೆಂಟಿನ ಕರೆ ಕಟ್ಟಿತ್ತು. ಮುಚ್ಚಳ ಅಂದರೆ ಬರೀ ಮುಚ್ಚುವ ವಸ್ತು ಅಲ್ಲ. ಬಹಳ ಗಾಡಿಗಳಲ್ಲಿ ಅದು 13 ರಿಂದ 16 ಪಿಎಸ್‌ಐ ಒತ್ತಡ ಹಿಡಿದಿಡುತ್ತದೆ. ಒಂದೊಂದು ಪಿಎಸ್‌ಐಗೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗುತ್ತದೆ, ಅಂದರೆ ಒಳ್ಳೆ ಮುಚ್ಚಳದಿಂದ 20 ಡಿಗ್ರಿಯಷ್ಟು ರಕ್ಷಣೆ. ನಮ್ಮದಕ್ಕೆ ಅದು ಇರಲಿಲ್ಲ, ಜೊತೆಗೆ ತಿಂಗಳುಗಳಿಂದ ಕಡಿಮೆಯಾದಾಗೆಲ್ಲ ಬರೀ ನೀರು ಸೇರಿಸಿದ್ದೆವು. ಅದಕ್ಕೇ ಅಷ್ಟು ಬೇಗ ಗುಳುಗುಳು ಸದ್ದು ಬಂದದ್ದು. ಹೊಸ ಮುಚ್ಚಳ, ಅರ್ಧ ನೀರು ಅರ್ಧ ಕೂಲೆಂಟ್ ಹಾಕಿಸಿದೆವು.

ಮಂಡ್ಯದವನ ಬ್ಯಾಗಿನಲ್ಲಿ ಓಬಿಡಿ ಅಡಾಪ್ಟರ್ ಇತ್ತು, ಸ್ಟೇರಿಂಗ್ ಕೆಳಗಿನ ಪೋರ್ಟ್‌ಗೆ ಚುಚ್ಚಿ ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿನಲ್ಲಿ ಓದುವಂಥದ್ದು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಕೂರಬೇಡಿ. ಎಷ್ಟೋ ಗಾಡಿಗಳಲ್ಲಿ 80 ಡಿಗ್ರಿ ಇದ್ದರೂ 100 ಇದ್ದರೂ ಅದು ನಡುವೆಯೇ ನಿಲ್ಲುವ ಹಾಗೆ ಮಾಡಿರುತ್ತಾರೆ, ಅದು ಏರಲು ಶುರುವಾಗುವಾಗಲೇ ತಡವಾಗಿರುತ್ತದೆ. ಅಡಾಪ್ಟರ್ ನಿಜವಾದ ಅಂಕಿ ಕೊಡುತ್ತದೆ. ನಾವು ಇಟ್ಟುಕೊಂಡ ಲೆಕ್ಕ: 85 ರಿಂದ 95 ಸರಿ, 105ಕ್ಕೆ ಎಸಿ ಬಂದ್, 110ಕ್ಕೆ ಗಾಡಿ ನಿಲ್ಲಿಸುವುದು.

ತೊಳೆದ ಮೇಲೆ ಎಸಿ ಹಾಕಿ ನಿಂತಲ್ಲೇ 20 ನಿಮಿಷ ಓಡಿಸಿದೆವು. 93, 96, ಆಮೇಲೆ 101. ನಿಧಾನಕ್ಕಾದರೂ ಏರುತ್ತಲೇ ಇತ್ತು. ಮೆಕ್ಯಾನಿಕ್ ಕಿವಿ ಕೊಟ್ಟು ಕೇಳಿ, ಫ್ಯಾನ್ ಕ್ಲಚ್ ಕೂಡ ಇರಬೇಕು, ಇಲ್ಲಿ ಸಾಮಾನು ಸಿಗಲ್ಲ, ಸಲಾಲಾದಲ್ಲಿ ಹಾಕಿಸಿ, ಅಲ್ಲಿವರೆಗೆ ಮರಳಿಗೆ ಇಳಿಯಬೇಡಿ ಅಂದರು. ನಮ್ಮ ಪಟ್ಟಿಯಲ್ಲಿದ್ದ ಎಲ್ಲ ಬೀಚ್‌ಗಳನ್ನೂ ಹೊಡೆದು ಹಾಕಿದೆವು. ಬೇಜಾರಾಯಿತು ನಿಜ.

ಶುವೈಮಿಯಾ ಏರು

ಶುವೈಮಿಯಾದಿಂದ ಹಾಸಿಕ್ ಕಡೆ ಹೋಗುವ ರಸ್ತೆ ಒಳ್ಳೆ ಟಾರ್ ರಸ್ತೆಯೇ, ಆದರೆ ಕಡಲ ಮಟ್ಟದಿಂದ ಬೆಟ್ಟದ ನೆತ್ತಿಗೆ ಕಡಿದಾಗಿ ಏರುತ್ತದೆ. ಅಲ್ಲಿ 40ರ ವೇಗದಲ್ಲಿ ಅಂಕಿ 104ಕ್ಕೆ ಬಂತು, ಎಸಿ ಬಂದ್ ಮಾಡಿ ಹೀಟರ್ ಹಾಕಿದ ಮೇಲೂ 106. ನೆತ್ತಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದೆವು. ನೀವೂ ಮಾಡಬಹುದು, ಎರಡು ನಿಮಿಷದ ಕೆಲಸ.

ಈ ಥರದ ಫ್ಯಾನ್ ನಡುವೆ ಒಂದು ಕ್ಲಚ್ ಇರುತ್ತದೆ, ಅದರೊಳಗೆ ದಪ್ಪ ಸಿಲಿಕೋನ್ ಎಣ್ಣೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಮುಂದಿರುವ ಲೋಹದ ಸುರುಳಿ ತಿರುಗಿ ಎಣ್ಣೆಗೆ ದಾರಿ ಬಿಡುತ್ತದೆ, ಆಗ ಕ್ಲಚ್ ಬಿಗಿಯಾಗಿ ಫ್ಯಾನ್ ಜೋರಾಗಿ ತಿರುಗುತ್ತದೆ. ಒಳಗೆ ಕೂತವರಿಗೂ ಕೇಳುವಷ್ಟು ಗಾಳಿಯ ಮೊರೆತ ಬರಬೇಕು. ನಾವು ಯಾರೂ ಆ ಮೊರೆತವನ್ನು ಒಮ್ಮೆಯೂ ಕೇಳಿರಲಿಲ್ಲ. ಎಣ್ಣೆ ಸೋರಿ ಖಾಲಿಯಾದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಬರೀ ಕಣ್ಣಿಗೆ. ಗಾಳಿ ಎಳೆಯುವುದಿಲ್ಲ.

ಪರೀಕ್ಷೆ ಹೀಗೆ: ಇಂಜಿನ್ ಬಿಸಿ ಇರುವಾಗಲೇ ಬಂದ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಫ್ಯಾನ್ ಪೂರ್ತಿ ನಿಂತ ಮೇಲೆ ಎಲೆ ಹಿಡಿದು ತಿರುಗಿಸಿ. ಒಳ್ಳೆ ಕ್ಲಚ್ ಆದರೆ ಕೈಗೆ ಗಟ್ಟಿ ತಡೆ ಸಿಗುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ನಮ್ಮದು ಮಕ್ಕಳ ಗಿರಿಗಿಟ್ಲೆಯ ಹಾಗೆ ಮೂರು ನಾಲ್ಕು ಸುತ್ತು ತಿರುಗಿತು. ಕ್ಲಚ್ ಮೇಲೆ ನಡುವಿನಿಂದ ಹೊರಕ್ಕೆ ಎಣ್ಣೆಯ ಗೆರೆ, ಅದಕ್ಕೆ ಮೆತ್ತಿದ ಧೂಳು. ಅಲ್ಲಿಗೆ ಅನುಮಾನ ಮುಗಿಯಿತು. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಗೆ ಮಾತ್ರ ಹೀಗೆ ಕೈ ಹಾಕಬೇಡಿ, ಕೆಲವು ಇಂಜಿನ್ ಬಂದ್ ಆದ ಮೇಲೂ ತಾವಾಗಿ ತಿರುಗುತ್ತವೆ. ಅವಕ್ಕೆ ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯಾ ನೋಡಿ, ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ಈ ಕ್ರಮದಲ್ಲಿ ಹೋಗಿ.

ಸಲಾಲಾದಲ್ಲಿ ಹೊಸ ಕ್ಲಚ್ ಹುಡುಕಿ ಹಾಕಿಸಲು ಅರ್ಧ ದಿನ ಹಿಡಿಯಿತು. ಚಾಲೂ ಮಾಡಿದ ಕೂಡಲೇ ಆ ಮೊರೆತ ಬಂತು, ಸ್ವಲ್ಪ ಹೊತ್ತಿಗೆ ತಗ್ಗಿತು. ತಣ್ಣನೆ ಗಾಡಿಯಲ್ಲಿ ಮೊದಲು ಹಾಗೆ ಕೇಳುವುದು ಸರಿಯೇ.

ವಾಪಸು ಒಳನಾಡಿನ ಹೆದ್ದಾರಿಯಲ್ಲಿ ಬಂದೆವು, ಅಂಕಿ 90 ಸುತ್ತ ಇತ್ತು. ಆದರೆ ಹೆದ್ದಾರಿಯಲ್ಲಿ ಹಳೆಯ ಕ್ಲಚ್ಚೂ ಸರಿಯಾಗಿಯೇ ಇತ್ತಲ್ವಾ, ಅದು ಪುರಾವೆ ಆಗುವುದಿಲ್ಲ. ದೋಷ ಎಲ್ಲಿ ಕಂಡಿತೋ ಅಲ್ಲೇ ನೋಡಬೇಕು. ಫೆಬ್ರವರಿಯಲ್ಲಿ ನಾಲ್ವರೂ ಮತ್ತೆ ಖಲೂಫ್‌ಗೆ ಹೋದೆವು. ಇಳಿತದ ಹೊತ್ತು ನೋಡಿಕೊಂಡು, ಟೈರ್ 16ಕ್ಕೆ ಇಳಿಸಿ, ಎಸಿ ಹಾಕಿಕೊಂಡು, ಅದೇ ಒಣ ಮರಳಲ್ಲಿ 40 ನಿಮಿಷ. ಹಿಂದಿನ ಸೀಟಿನಿಂದ ಮಂಡ್ಯದವನು ಅಂಕಿ ಕೂಗುತ್ತಾ ಇದ್ದ. ಜಾಸ್ತಿ ಅಂದರೆ 97. ಆ ರಾತ್ರಿ ಬಿಳಿ ಮರಳಿನ ದಿಣ್ಣೆಯ ಕೆಳಗೆ ಟೆಂಟ್ ಹಾಕಿದೆವು, ಗಾಡಿಯ ಹಿಂಭಾಗ ಕಡಲಿಗೆ.